ಇಂಗ್ಲಿಷಿನ ‘ಕ್ಲೈಂಬ್’: ಮರ ಹತ್ತುವುದಕ್ಕೂ ಬಸ್ಸು ಹತ್ತುವುದಕ್ಕೂ ಒಂದೇ ಪದವೇ?

ಪ್ರಶ್ನೆ: ಪದಕೋಶದ ಕೆಲಸ

ಹೈಸ್ಕೂಲು ಮಕ್ಕಳಿಗೆಂದು ಮಾಡುತ್ತಿರುವ ಇಂಗ್ಲಿಷ್–ಕನ್ನಡ ಪದಕೋಶದ ಕೆಲಸ ‘ಕ್ಲೈಂಬ್’ ಎಂಬ ಪದದ ಹತ್ತಿರ ಬಂದು ನಿಂತಿದೆ. ‘ಹತ್ತು, ಏರು’ ಎಂದು ಬರೆದು ಮುಂದಕ್ಕೆ ಹೋಗಬಹುದು. ಆದರೆ ಅಷ್ಟನ್ನೇ ನಂಬಿ ಮಗು ಕನ್ನಡದಿಂದ ಇಂಗ್ಲಿಷಿಗೆ ಹೊರಟರೆ ‘ಐ ಕ್ಲೈಂಬ್ಡ್ ದ ಬಸ್’ ಎನ್ನುತ್ತದೆ, ‘ದ ಕಿಂಗ್ ಕ್ಲೈಂಬ್ಡ್ ದ ಥ್ರೋನ್’ ಎನ್ನುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದರೆ ಬೇರೆ ತೊಡಕು. ‘ಕ್ಲೈಂಬ್ ಡೌನ್’ ಎಂದರೆ ಏನು, ಕೆಳಕ್ಕೆ ಹತ್ತುವುದೇ? ‘ಕ್ಲೈಂಬ್ಡ್ ಇನ್‌ಟು ಬೆಡ್’ ಎಂದರೆ ಮಂಚ ಹತ್ತಿದ ಎನ್ನೋಣವೇ, ಮಲಗಿದ ಎನ್ನೋಣವೇ?

ಗೊತ್ತಾಗಬೇಕಾದದ್ದು ಇಷ್ಟು. ಈ ಪದದ ತಿರುಳೇನು? ಹಿಂದೆ ‘ಅಪ್’ ಹಚ್ಚಬೇಕೋ ಬೇಡವೋ? ವಿಮಾನ, ಬೆಲೆ, ಬಳ್ಳಿ ಇವಕ್ಕೆಲ್ಲ ಇದೇ ಪದ ಹೇಗೆ ಬಂತು, ಕನ್ನಡದಲ್ಲಿ ಅಲ್ಲಲ್ಲಿ ಏನು ಬರೆಯಬೇಕು? ಕೊನೆಯ ‘ಬ್’ ಉಚ್ಚರಿಸಬೇಕೇ? ಉದಾಹರಣೆ ಸಮೇತ ತಿಳಿಸಿದರೆ ನಮೂದಿನಲ್ಲೇ ಸೇರಿಸಬಹುದು.

ಉತ್ತರ 1: ಅರ್ಥದ ಬೆನ್ನು ಹತ್ತಿ

‘ಕ್ಲೈಂಬ್’ ಪದದಲ್ಲಿ ಎರಡು ಸಂಗತಿ ಒಟ್ಟಿಗೆ ಹೆಣೆದುಕೊಂಡಿವೆ. ಮೇಲಕ್ಕೆ ಹೋಗುವುದು ಒಂದು. ಕೈಕಾಲು ಊರಿ, ಹಿಡಿದು, ಮೈ ಬಗ್ಗಿಸಿ, ಕಷ್ಟಪಟ್ಟು ಸಾಗುವುದು ಇನ್ನೊಂದು. ಕೋತಿ ಮರ ಹತ್ತುವಾಗ ಎರಡೂ ಇರುತ್ತವೆ, ಹಾಗಾಗಿ ಅಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಸ್ವಾರಸ್ಯ ಇರುವುದು ಮುಂದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಪದ ನಿಲ್ಲುತ್ತದೆ, ಎರಡೂ ಇಲ್ಲದಿದ್ದರೆ ಬೀಳುತ್ತದೆ. ಕೋತಿ ಮರದಿಂದ ಇಳಿಯಿತು ಎನ್ನಿ. ಮೇಲಕ್ಕೆ ಹೋಗುವುದು ಇಲ್ಲ, ಆದರೆ ಕೊಂಬೆ ಹಿಡಿದು ಕಾಲು ಊರುವುದು ಇದೆ. ಆದ್ದರಿಂದ ‘ದ ಮಂಕಿ ಕ್ಲೈಂಬ್ಡ್ ಡೌನ್’ ಸರಿ. ವಿಮಾನಕ್ಕೆ ಕೈಕಾಲಿಲ್ಲ, ಆದರೆ ಅದು ಮೇಲಕ್ಕೆ ಹೋಗುತ್ತದೆ. ‘ದ ಪ್ಲೇನ್ ಕ್ಲೈಂಬ್ಡ್’ ಕೂಡ ಸರಿ. ಅದೇ ವಿಮಾನ ಕೆಳಗೆ ಬರುವಾಗ ಎರಡೂ ಇಲ್ಲ. ‘ದ ಪ್ಲೇನ್ ಕ್ಲೈಂಬ್ಡ್ ಡೌನ್’ ಎಂದು ಯಾರೂ ಅನ್ನುವುದಿಲ್ಲ, ‘ಡಿಸೆಂಡೆಡ್’ ಎನ್ನುತ್ತಾರೆ. ಹಾವಿನದೂ ಹಾಗೆಯೇ. ಮರದ ಮೇಲಕ್ಕೆ ಹರಿದರೆ ‘ಕ್ಲೈಂಬ್ಡ್’, ಕೆಳಕ್ಕೆ ಹರಿದರೆ ‘ಕ್ಲೈಂಬ್ಡ್ ಡೌನ್’ ಎಂಬುದು ಇಂಗ್ಲಿಷ್ ಮನೆಮಾತಿನವರ ಕಿವಿಗೆ ಒಗ್ಗದು. ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ ಈ ಜೋಡಿ ಗುಣವನ್ನು ಎತ್ತಿ ತೋರಿಸಿದರು. ರೇ ಜಾಕೆಂಡಾಫ್ 1985ರಲ್ಲಿ ಈ ಒಂದು ಕ್ರಿಯಾಪದವನ್ನೇ ಇಟ್ಟುಕೊಂಡು ಇಡೀ ಲೇಖನ ಬರೆದರು. ಮಕ್ಕಳಿಗೆ ಅವರ ಹೆಸರು ಬೇಡ, ಆದರೆ ಈ ಎರಡು ಪ್ರಶ್ನೆಗಳ ಪರೀಕ್ಷೆ ಬೇಕು: ಮೇಲಕ್ಕೆ ಹೋಗುತ್ತಿದೆಯೇ? ಕೈಕಾಲು ಹಿಡಿತದ ಪ್ರಯಾಸ ಇದೆಯೇ?

ಎರಡನೆಯ ಗುಣ ಒಂದೇ ಸಾಕು ಎಂದಾಗ ದಿಕ್ಕು ಯಾವುದಾದರೂ ಆದೀತು. ಸಣ್ಣ ಕಿಟಕಿಯಲ್ಲಿ ಮೈ ತೂರಿಸಿ ಹೊರಬರುವುದು ‘ಕ್ಲೈಂಬ್ ಔಟ್ ಆಫ್ ದ ವಿಂಡೋ’. ಬೇಲಿ ದಾಟುವುದು ‘ಕ್ಲೈಂಬ್ ಓವರ್ ದ ಫೆನ್ಸ್’. ತಗ್ಗು ಕಾರಿನ ಹಿಂದಿನ ಸೀಟಿಗೆ ಮುದುಡಿಕೊಂಡು ನುಗ್ಗುವುದು ‘ಕ್ಲೈಂಬ್ ಇನ್‌ಟು ದ ಬ್ಯಾಕ್ ಸೀಟ್’. ಇಲ್ಲೆಲ್ಲ ಕನ್ನಡದಲ್ಲಿ ‘ಹತ್ತು’ ಬರೆಯಬಾರದು. ‘ಕಿಟಕಿಯಿಂದ ತೂರಿ ಹೊರಬಂದ’, ‘ಬೇಲಿ ಹಾಯ್ದ’, ‘ಹಿಂದಿನ ಸೀಟಿಗೆ ನುಸುಳಿದ’ ಎನ್ನಬೇಕು. ನೀವು ಕೇಳಿದ ‘ಕ್ಲೈಂಬ್ಡ್ ಇನ್‌ಟು ಬೆಡ್’ ಕೂಡ ಈ ಗುಂಪಿನದೇ. ದಣಿದವನು ಹೊದಿಕೆಯೊಳಗೆ ಸೇರಿಕೊಳ್ಳುವ ಚಿತ್ರ ಅದು. ‘ಹಾಸಿಗೆ ಸೇರಿದ’ ಎಂದರೆ ಸರಿಹೋಗುತ್ತದೆ.

ಈಗ ಬಸ್ಸಿನ ವಿಷಯ. ಕನ್ನಡದ ‘ಹತ್ತು’ ವಾಹನದೊಳಗೆ ಪ್ರವೇಶಿಸುವುದಕ್ಕೂ ಸಲ್ಲುತ್ತದೆ. ತೆಲುಗಿನ ‘ಎಕ್ಕು’, ತಮಿಳಿನ ‘ಏಱು’, ಹಿಂದಿಯ ‘ಚಢನಾ’ ಎಲ್ಲವೂ ಹಾಗೆಯೇ, ಆದ್ದರಿಂದ ಈ ತಪ್ಪು ನಮ್ಮ ಮಕ್ಕಳದು ಮಾತ್ರವಲ್ಲ. ಇಂಗ್ಲಿಷಿನಲ್ಲಿ ‘ಕ್ಲೈಂಬ್’ ಪದಕ್ಕೆ ನೇರ ಕರ್ಮ ಕೊಟ್ಟರೆ ಆ ವಸ್ತುವಿನ ಮೈಮೇಲೆ ಹತ್ತಿದಂತೆ. ‘ಐ ಕ್ಲೈಂಬ್ಡ್ ದ ಬಸ್’ ಎಂದರೆ ಹಿಂದಿನ ಏಣಿ ಹಿಡಿದು ಬಸ್ಸಿನ ಟಾಪಿಗೆ ಹೋದ ಚಿತ್ರ ಬರುತ್ತದೆ. ಸರಿಯಾದದ್ದು ‘ಗಾಟ್ ಆನ್ ದ ಬಸ್’. ರೈಲು, ವಿಮಾನ, ಹಡಗಿಗೂ ‘ಗೆಟ್ ಆನ್’ ಅಥವಾ ‘ಬೋರ್ಡ್’. ಕಾರು, ಆಟೋಗೆ ‘ಗೆಟ್ ಇನ್’. ಮೆಟ್ಟಿಲು ಎತ್ತರವಾಗಿದ್ದು ವಯಸ್ಸಾದವರು ಕಂಬಿ ಹಿಡಿದು ಪ್ರಯಾಸದಿಂದ ಹತ್ತಿದರೆ ‘ಕ್ಲೈಂಬ್ಡ್ ಆನ್‌ಟು ದ ಬಸ್’ ಎನ್ನಬಹುದು. ಅಲ್ಲಿ ‘ಆನ್‌ಟು’ ಇರುವುದರಿಂದಲೇ ಅರ್ಥ ಉಳಿಯುತ್ತದೆ.

ಸಿಂಹಾಸನಕ್ಕೆ ‘ಅಸೆಂಡ್’. ಅಲ್ಲಿ ಪ್ರಯಾಸವಿಲ್ಲ, ಪದವಿಯ ಘನತೆ ಇದೆ. ಕುದುರೆಗೆ ‘ಮೌಂಟ್’. ಕೋಟೆಯ ಗೋಡೆಗೆ ‘ಸ್ಕೇಲ್’, ಅದು ಏಣಿ ಎಂಬರ್ಥದ ಲ್ಯಾಟಿನ್ ‘ಸ್ಕಾಲಾ’ದಿಂದ ಬಂದದ್ದು. ಲಿಫ್ಟಿಗೆ ‘ಟೇಕ್’. ವೇದಿಕೆ ಏರಿದರು ಎಂಬುದಕ್ಕೆ ‘ವೆಂಟ್ ಅಪ್ ಆನ್ ದ ಸ್ಟೇಜ್’ ಸಾಕು. ‘ಕೋರ್ಟ್ ಮೆಟ್ಟಿಲು ಹತ್ತಿದರು’ ಎಂಬ ನಮ್ಮ ನುಡಿಗಟ್ಟನ್ನು ‘ಕ್ಲೈಂಬ್ಡ್ ದ ಕೋರ್ಟ್ ಸ್ಟೆಪ್ಸ್’ ಎಂದು ಬರೆದರೆ ಇಂಗ್ಲಿಷ್ ಓದುಗನಿಗೆ ಕಲ್ಲಿನ ಮೆಟ್ಟಿಲಷ್ಟೇ ಕಾಣುತ್ತದೆ, ಮೊಕದ್ದಮೆ ಕಾಣುವುದಿಲ್ಲ. ‘ವೆಂಟ್ ಟು ಕೋರ್ಟ್’ ಎನ್ನಬೇಕು.

‘ಅಪ್’ ವಿಷಯ: ‘ಕ್ಲೈಂಬ್ ದ ಟ್ರೀ’, ‘ಕ್ಲೈಂಬ್ ಅಪ್ ದ ಟ್ರೀ’ ಎರಡೂ ಸರಿ. ‘ಅಪ್’ ಇದ್ದರೆ ಪುನರುಕ್ತಿ, ಅಂಕ ಕಡಿತ ಎಂದು ಕೆಲವು ಗೈಡುಗಳು ಹೇಳುವುದು ಒಪ್ಪತಕ್ಕದ್ದಲ್ಲ. ಎರಡರ ನಡುವೆ ಸಣ್ಣ ವ್ಯತ್ಯಾಸ ಮಾತ್ರ ಇದೆ. ‘ಕ್ಲೈಂಬ್ಡ್ ದ ಹಿಲ್’ ಎಂದರೆ ತುದಿ ಮುಟ್ಟಿದ ಭಾವ. ‘ಕ್ಲೈಂಬ್ಡ್ ಅಪ್ ದ ಹಿಲ್’ ಎಂದಾಗ ಏರುದಾರಿಯ ಕಡೆ ಗಮನ, ತುದಿ ಮುಟ್ಟಿರಲೂಬಹುದು, ಇಲ್ಲದಿರಲೂಬಹುದು. ಪರ್ವತಾರೋಹಿಗಳು ಈ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ‘ಕ್ಲೈಂಬ್ಡ್ ಎವರೆಸ್ಟ್’ ಎಂದರೆ ಶಿಖರ ಮುಟ್ಟಿದ್ದು. ‘ಕ್ಲೈಂಬ್ಡ್ ಆನ್ ಎವರೆಸ್ಟ್’ ಎಂದರೆ ಅಲ್ಲಿ ಸ್ವಲ್ಪ ದೂರ ಹತ್ತಿದ್ದು. ಒಂದು ಸಣ್ಣ ‘ಆನ್’ ಎಂಟು ಸಾವಿರ ಮೀಟರಿನ ಸಾಧನೆಯನ್ನೇ ಕೆಳಗಿಳಿಸಿಬಿಡುತ್ತದೆ. ಅನುವಾದಿಸುವಾಗ ಇದನ್ನು ನುಂಗಬಾರದು.

ಉತ್ತರ 2: ಹಳೆಯ ಬೇರು

ಉಚ್ಚಾರಕ್ಕೆ ಉತ್ತರ: ‘ಬ್’ ಇಲ್ಲ. ‘ಕ್ಲೈಮ್’, ‘ಕ್ಲೈಮ್‌ಡ್’, ‘ಕ್ಲೈಮರ್’, ‘ಕ್ಲೈಮಿಂಗ್’. ಲ್ಯಾಮ್ (ಕುರಿಮರಿ), ಕೋಮ್ (ಬಾಚಣಿಗೆ), ಬಾಮ್ (ಬಾಂಬು), ಟೂಮ್ (ಸಮಾಧಿ), ಥಮ್ (ಹೆಬ್ಬೆರಳು) ಎಲ್ಲವೂ ಇದೇ ಸಾಲಿನವು, ಬರವಣಿಗೆಯಲ್ಲಿ ಬಿ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ಆದರೆ ತೆವಳಿ ತಡಕಾಡಿ ಹತ್ತುವುದಕ್ಕೆ ಹೇಳುವ ‘ಕ್ಲ್ಯಾಂಬರ್’ ಪದದಲ್ಲಿ ‘ಬ್’ ಉಂಟು. ಕನ್ನಡದೊಳಗೆ ‘ರಾಕ್ ಕ್ಲೈಂಬಿಂಗ್’ ಎಂದು ‘ಬ್’ ಸಮೇತ ರೂಢಿಯಾಗಿದೆ, ಕನ್ನಡದ ಮಾತಾಗಿ ಅದು ಇರಲಿ. ಮಗು ಇಂಗ್ಲಿಷ್ ಓದುವಾಗ ಮಾತ್ರ ಬಿಡಬೇಕು.

ಇಲ್ಲಿ ಒಂದು ಗೊಂದಲ ಕಾದಿದೆ. ವಿಮೆಯ ಹಣ ಕೇಳುವ ಪದವನ್ನು ನಮ್ಮ ಪತ್ರಿಕೆಗಳು ‘ಕ್ಲೈಮ್’ ಎಂದು ಬರೆಯುತ್ತವೆ. ಅದರ ನಿಜವಾದ ಉಚ್ಚಾರ ‘ಕ್ಲೇಮ್’. ‘ಕ್ಲೈಮ್’ ಎಂಬ ಸದ್ದು ಬೆಟ್ಟ ಹತ್ತುವ ಪದಕ್ಕೇ ಸೇರಿದ್ದು. ಪದಕೋಶದಲ್ಲಿ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಕೊಡುವುದಾದರೆ ಎರಡೂ ನಮೂದುಗಳಲ್ಲಿ ಇದನ್ನು ಎಚ್ಚರದಿಂದ ಬೇರೆಮಾಡಿ.

ಹಳೆಯ ಇಂಗ್ಲಿಷಿನಲ್ಲಿ ಪದ ‘ಕ್ಲಿಂಬನ್’. ಆಗ ‘ಬ್’ ಬಾಯಲ್ಲೂ ಇತ್ತು. ಭೂತಕಾಲ ‘ಸಿಂಗ್–ಸ್ಯಾಂಗ್–ಸಂಗ್’ ಹಾಗೆ ಸ್ವರ ಬದಲಾಯಿಸಿಕೊಳ್ಳುತ್ತಿತ್ತು. ಹಳೆಯ ಪದ್ಯಗಳಲ್ಲಿ ಇಂದಿಗೂ ‘ಕ್ಲೋಮ್’ ಎಂಬ ಭೂತರೂಪ ಎದುರಾಗುತ್ತದೆ. ಮಕ್ಕಳು ಈಗ ‘ಕ್ಲೈಂಬ್ಡ್’ ಒಂದನ್ನೇ ಕಲಿತರೆ ಸಾಕು.

ಮುಖ್ಯವಾದ ಮಾತು ಬೇರಿನದು. ಜರ್ಮಾನಿಕ್ ಭಾಷೆಗಳಲ್ಲಿ ಈ ಪದದ ಮೂಲಾರ್ಥ ಅಂಟಿಕೊಂಡು, ಹಿಡಿದುಕೊಂಡು ಮೇಲೆ ಹೋಗುವುದು. ಅರ್ಥಾತ್ ಮೇಲಿನ ಉತ್ತರದಲ್ಲಿ ಹೇಳಿದ ಹಿಡಿತ ಆಮೇಲೆ ಸೇರಿದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು. ಈಗ ನಮ್ಮ ‘ಹತ್ತು’ ನೋಡಿ. ಹಳಗನ್ನಡದಲ್ಲಿ ಅದು ‘ಪತ್ತು’, ಅರ್ಥ ಅಂಟು, ಹಿಡಿ, ತಗುಲು. ತಮಿಳಿನ ‘ಪಱ್ಱು’ ಇದರದೇ ಸೋದರ, ಅಲ್ಲಿ ಹಿಡಿಯುವುದು ಎಂಬರ್ಥ ಇಂದಿಗೂ ಗಟ್ಟಿ. (ಸಂಖ್ಯೆಯ ಹತ್ತು ಬೇರೆ ಪದ. ತಮಿಳಿನಲ್ಲಿ ಅದು ‘ಪತ್ತು’, ಇದು ‘ಪಱ್ಱು’. ಕನ್ನಡದಲ್ಲಿ ಎರಡೂ ಒಂದೇ ಸದ್ದಿಗೆ ಬಂದು ಸೇರಿಕೊಂಡವು.) ಬೆಂಕಿ ಹತ್ತಿತು, ಜಿಗಟು ಕೈಗೆ ಹತ್ತಿತು, ನಿದ್ದೆ ಹತ್ತಿತು, ಬೆನ್ನು ಹತ್ತಿದ, ದೀಪ ಹತ್ತಿಸು, ಉತ್ತರ ಕರ್ನಾಟಕದ ‘ಮಾಡಾಕ ಹತ್ಯಾನ’: ಎಲ್ಲದರ ಒಳಗೂ ತಗುಲಿಕೊಳ್ಳುವ ಅರ್ಥವೇ. ‘ಹತ್ತಿರ’ವೂ ಅಲ್ಲಿಂದಲೇ. ಅಂದರೆ ಮರವನ್ನು ಅವುಚಿ ಹಿಡಿದು ಮೇಲೆ ಹೋಗುವವನನ್ನು ಕಂಡು ಎರಡು ದೂರದ ಭಾಷೆಗಳು ಒಂದೇ ಥರ ಯೋಚಿಸಿದವು. ನನಗೆ ಇದು ಬಹಳ ಸುಂದರ ಎನಿಸುತ್ತದೆ.

ಅಡಿಕೆ ಮರ ಹತ್ತುವವರನ್ನು ಹತ್ತಿರದಿಂದ ನೋಡಿದರೆ ಈ ಅರ್ಥ ಕಣ್ಣಿಗೇ ಕಾಣುತ್ತದೆ. ಎರಡು ಪಾದಗಳಿಗೆ ಸೇರಿಸಿ ತಳೆ (ಬಳೆಯಂಥ ಕುಣಿಕೆ) ಹಾಕಿಕೊಂಡು, ಕಾಂಡವನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು, ಮೊದಲು ಕಾಲುಗಳನ್ನು ಒಟ್ಟಿಗೆ ಮೇಲೆಳೆದು ಊರುತ್ತಾರೆ, ಆಮೇಲೆ ಮೊಣಕಾಲು ನೆಟ್ಟಗೆ ಮಾಡಿ ಕೈ ಮೇಲಕ್ಕೆ ಜಾರಿಸುತ್ತಾರೆ. ಮೇಲೆ ಹೋಗುವುದು ಪೂರಾ ಹಿಡಿತದ ಲೆಕ್ಕ. ಮಳೆಗೆ ಕಾಂಡ ಪಾಚಿಗಟ್ಟಿದರೆ ತಳೆ ಜಾರುತ್ತದೆ, ಕೆಲಸ ನಿಲ್ಲುತ್ತದೆ.

‘ಏರು’ ಹಾಗಲ್ಲ. ಅದರಲ್ಲಿ ಎತ್ತರವಷ್ಟೇ ಇದೆ, ಹಿಡಿತವಿಲ್ಲ. ಅದಕ್ಕೇ ಜ್ವರ ಏರುತ್ತದೆ, ಹೊತ್ತು ಏರುತ್ತದೆ, ದನಿ ಏರುತ್ತದೆ. ಇವು ಯಾವುವೂ ಹತ್ತುವುದಿಲ್ಲ. ನಿಮ್ಮ ನಮೂದಿಗೆ ಸೂತ್ರ ಬೇಕಿದ್ದರೆ: ಕೈಕಾಲಿನ ‘ಕ್ಲೈಂಬ್’ ಪದಕ್ಕೆ ‘ಹತ್ತು’, ಅಳತೆಯ ‘ಕ್ಲೈಂಬ್’ ಪದಕ್ಕೆ ‘ಏರು’. ಗುಡ್ಡ, ಮೆಟ್ಟಿಲು, ಮರಕ್ಕೆ ಎರಡೂ ನಡೆಯುತ್ತವೆ.

ಕೊನೆಗೊಂದು ಎಚ್ಚರಿಕೆ. ‘ಕ್ಲೈಮ್ಯಾಕ್ಸ್’ ಎಂಬುದು ಏಣಿ ಎಂಬರ್ಥದ ಗ್ರೀಕ್ ಪದದಿಂದ, ‘ಕ್ಲೈಮೇಟ್’ ಇಳಿಜಾರು ಎಂಬರ್ಥದ ಗ್ರೀಕ್ ಪದದಿಂದ ಬಂದವು. ಸದ್ದೂ ಅರ್ಥವೂ ಹತ್ತಿರವಿದ್ದರೂ ‘ಕ್ಲೈಂಬ್’ ಪದಕ್ಕೆ ಇವು ನೆಂಟರಲ್ಲ.

ಉತ್ತರ 3: ಗಗನಮಾರ್ಗ

ವಿಮಾನದ ‘ಕ್ಲೈಂಬ್’ ಬಗ್ಗೆ. ಇಲ್ಲಿ ಇದು ಸಾಮಾನ್ಯ ಮಾತಲ್ಲ, ಪರಿಭಾಷೆ. ಹಾರಾಟದ ಹಂತಗಳೇ ಟೇಕಾಫ್, ಕ್ಲೈಂಬ್, ಕ್ರೂಸ್, ಡಿಸೆಂಟ್, ಲ್ಯಾಂಡಿಂಗ್. ಕನ್ನಡದಲ್ಲಿ ‘ಮೇಲೇರಿಕೆ’ ಅಥವಾ ‘ಮೇಲೇರು’ ಬರೆಯಿರಿ. ‘ವಿಮಾನ ಹತ್ತಿತು’ ಎಂದು ಬರೆದರೆ ಓದುಗ ತಬ್ಬಿಬ್ಬಾಗುತ್ತಾನೆ. ನಮ್ಮಲ್ಲಿ ವಿಮಾನ ಹತ್ತುವುದು ಪ್ರಯಾಣಿಕರು.

ಏರುವ ವೇಗವನ್ನು ನಿಮಿಷಕ್ಕೆ ಇಷ್ಟು ಅಡಿ ಎಂದು ಅಳೆಯುತ್ತಾರೆ, ಅದೇ ‘ರೇಟ್ ಆಫ್ ಕ್ಲೈಂಬ್’. ಇದನ್ನು ‘ಆ್ಯಂಗಲ್ ಆಫ್ ಕ್ಲೈಂಬ್’ ಜೊತೆ ಬೆರೆಸಬಾರದು. ರನ್‌ವೇ ತುದಿಯಲ್ಲಿ ಗುಡ್ಡವೋ ಮರವೋ ಇದ್ದರೆ ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಬೇಕು, ಅದು ಕೋನದ ಲೆಕ್ಕ. ಅಡ್ಡಿ ಏನೂ ಇಲ್ಲದೆ ಬೇಗ ಎತ್ತರ ಸೇರಬೇಕಾದರೆ ಕಡಿಮೆ ಸಮಯದಲ್ಲಿ ಹೆಚ್ಚು ಎತ್ತರ ಬೇಕು, ಅದು ದರದ ಲೆಕ್ಕ. ಸಣ್ಣ ವಿಮಾನಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ವೇಗ ಇರುತ್ತದೆ. ಕೋನದ ವೇಗ ಕಡಿಮೆ, ದರದ ವೇಗ ಹೆಚ್ಚು. ಮೂತಿ ಎತ್ತಿದಷ್ಟೂ ವಿಮಾನ ಏರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಮತಲ ಹಾರಾಟಕ್ಕೆ ಬೇಕಾದದ್ದಕ್ಕಿಂತ ಮಿಗಿಲಾಗಿ ಎಂಜಿನ್ನಿನಲ್ಲಿ ಎಷ್ಟು ಶಕ್ತಿ ಉಳಿದಿದೆಯೋ ಅಷ್ಟೇ ಏರಿಕೆ. ಮಿತಿ ಮೀರಿ ಮೂತಿ ಎತ್ತಿದರೆ ವೇಗ ಕುಸಿದು, ರೆಕ್ಕೆಯ ಮೇಲೆ ಗಾಳಿ ಅಂಟಿ ಹರಿಯುವುದು ತಪ್ಪಿ, ಸ್ಟಾಲ್ ಆಗುತ್ತದೆ, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕುಸಿಯುತ್ತದೆ.

ರೇಡಿಯೋ ಮಾತಿನಲ್ಲಿ ಈ ಪದದ ಪಕ್ಕ ಬರುವ ‘ಟು’ ದೊಡ್ಡ ಅಪಾಯ. ‘ಗೆ’ ಎಂಬರ್ಥದ ‘ಟು’ ಮತ್ತು ಎರಡು ಎಂಬರ್ಥದ ‘ಟು’ ಕೇಳಲು ಒಂದೇ. ಅದಕ್ಕೇ ಬ್ರಿಟನ್ನಿನ ರೇಡಿಯೋ ನಿಯಮದಲ್ಲಿ ಫ್ಲೈಟ್ ಲೆವೆಲ್ (ನೂರು ಅಡಿಗಳ ಲೆಕ್ಕದಲ್ಲಿ ಹೇಳುವ ಎತ್ತರ) ಹೇಳುವಾಗ ‘ಟು’ ಬಿಟ್ಟು ‘ಕ್ಲೈಂಬ್ ಫ್ಲೈಟ್ ಲೆವೆಲ್ ತ್ರೀ ಫೈವ್ ಝೀರೋ’ ಎನ್ನುತ್ತಾರೆ, ಅಂದರೆ 35,000 ಅಡಿ. ಅಮೆರಿಕದಲ್ಲಿ ‘ಕ್ಲೈಂಬ್ ಆ್ಯಂಡ್ ಮೇಂಟೇನ್’ ಎನ್ನುತ್ತಾರೆ. ಈ ಕಟ್ಟುನಿಟ್ಟು ಎಷ್ಟು ಬೇಕು ಎಂಬುದಕ್ಕೆ 1989ರ ಫೆಬ್ರವರಿ 19ರ ಕೌಲಾಲಂಪುರ ದುರಂತವೇ ಸಾಕ್ಷಿ. ಅದು ಇಳಿಯುವಾಗ ಆದದ್ದು, ಆದರೆ ತೊಡಕು ಇದೇ. ‘ಡಿಸೆಂಡ್ ಟು ಫೋರ್ ಝೀರೋ ಝೀರೋ’ ಎಂದು ಕೇಳಿಸಿದ್ದರಲ್ಲಿ ‘ಟು’ ಎಂದರೆ ಎರಡು, ಹೇಳಿದ ಎತ್ತರ 2,400 ಅಡಿ. ಸಿಬ್ಬಂದಿ ಅದನ್ನು ‘400 ಅಡಿಗೆ’ ಎಂದು ಹಿಡಿದರು. ಸರಕು ಸಾಗಿಸುತ್ತಿದ್ದ ಬೋಯಿಂಗ್ 747 ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು.

ಇನ್ನೊಂದು ಕಡೆ ಈ ಪದ ಯಂತ್ರದ ದನಿಯಾಗಿ ಬರುತ್ತದೆ. ಎರಡು ವಿಮಾನ ಎದುರುಬದುರಾದಾಗ ಕಾಕ್‌ಪಿಟ್ಟಿನಲ್ಲಿರುವ, ಡಿಕ್ಕಿ ತಪ್ಪಿಸುವ ಟಿಕಾಸ್ ಉಪಕರಣ ಒಂದಕ್ಕೆ ‘ಕ್ಲೈಂಬ್, ಕ್ಲೈಂಬ್’ ಎಂದೂ ಇನ್ನೊಂದಕ್ಕೆ ‘ಡಿಸೆಂಡ್, ಡಿಸೆಂಡ್’ ಎಂದೂ ಕೂಗುತ್ತದೆ. ಮೊದಲ ಕೂಗಿಗೆ ನಿಮಿಷಕ್ಕೆ 1,500 ಅಡಿ ದರದಲ್ಲಿ ಏರಬೇಕು. ‘ಇನ್‌ಕ್ರೀಸ್ ಕ್ಲೈಂಬ್’ ಎಂದರೆ 2,500. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಒಂದು ವಿಮಾನಕ್ಕೆ ಯಂತ್ರ ‘ಕ್ಲೈಂಬ್’ ಎಂದಿತು, ನೆಲದ ನಿಯಂತ್ರಕರು ‘ಡಿಸೆಂಡ್’ ಎಂದಿದ್ದರು. ಪೈಲಟ್‌ಗಳು ನಿಯಂತ್ರಕರ ಮಾತು ಪಾಲಿಸಿದರು. ಎದುರಿನ ವಿಮಾನ ತನ್ನ ಯಂತ್ರ ಹೇಳಿದಂತೆ ತಾನೂ ಇಳಿಯುತ್ತಿತ್ತು. ಡಿಕ್ಕಿಯಲ್ಲಿ 71 ಜನ ಹೋದರು, ಬಹಳಷ್ಟು ಮಕ್ಕಳು. ಆ ಮೇಲೆ ಟಿಕಾಸ್ ಆದೇಶವೇ ಅಂತಿಮ ಎಂಬುದನ್ನು ಅಂತರರಾಷ್ಟ್ರೀಯ ನಿಯಮದಲ್ಲಿ ಸ್ಪಷ್ಟಪಡಿಸಿದರು. ಪದಕೋಶಕ್ಕೆ ಇಷ್ಟೆಲ್ಲ ಬೇಡ, ಆದರೆ ‘ಏರು’ ಎಂಬ ಒಂದು ಪದಕ್ಕೆ ಒಂದೇ ಅರ್ಥ ಇರಲೇಬೇಕಾದ ಜಾಗ ಇದು.

ಉತ್ತರ 4: ಸುದ್ದಿ ಡೆಸ್ಕ್

ಬೆಲೆ ಮತ್ತು ಅಂಕಿಗಳಿಗೆ ಬಂದರೆ ಅರ್ಥಕ್ಕಿಂತ ‘ಬೈ’, ‘ಟು’ ಎಂಬ ಎರಡು ಉಪಪದಗಳಲ್ಲೇ ಹೆಚ್ಚು ತಪ್ಪಾಗುವುದು. ‘ಕ್ಲೈಂಬ್ಡ್ ಬೈ 8 ರುಪೀಸ್’ ಎಂದರೆ 8 ರೂಪಾಯಿಯಷ್ಟು ಏರಿತು, ‘ಕ್ಲೈಂಬ್ಡ್ ಟು 48 ರುಪೀಸ್’ ಎಂದರೆ 48 ರೂಪಾಯಿಗೆ ಏರಿತು. ಇಂಗ್ಲಿಷ್ ಸುದ್ದಿಯಲ್ಲಿ ‘ಬೈ’ ಬಿಟ್ಟು ‘ಕ್ಲೈಂಬ್ಡ್ 300 ಪಾಯಿಂಟ್ಸ್’ ಎಂದೂ ಬರೆಯುತ್ತಾರೆ. ಅದನ್ನು ‘300ಕ್ಕೆ’ ಎಂದು ಓದಬೇಡಿ. ಸಾವಿನ ಸುದ್ದಿಯಲ್ಲಂತೂ ಇದು ಗಂಭೀರ. ‘ಡೆತ್ ಟೋಲ್ ಕ್ಲೈಂಬ್ಸ್ ಟು 20’ ಎಂದರೆ ಒಟ್ಟು 20, ಹೊಸದಾಗಿ 20 ಅಲ್ಲ. ‘ಮತ್ತೆ 20 ಸಾವು’ ಎಂದು ಬರೆದರೆ ಸತ್ತವರನ್ನು ಎರಡು ಸಲ ಎಣಿಸಿದಂತೆ.

ಶೇಕಡಾವಾರಿನಲ್ಲಿ ಇನ್ನೊಂದು. ಬಡ್ಡಿದರ ಶೇ 5ರಿಂದ ಶೇ 6ಕ್ಕೆ ಏರಿದರೆ ಏರಿಕೆ ಶೇ 1 ಅಲ್ಲ, ಒಂದು ಶೇಕಡಾ ಅಂಶ. ಮೂಲದ ಮೇಲೆ ಲೆಕ್ಕ ಹಾಕಿದರೆ ಅದು ಶೇ 20 ಏರಿಕೆ.

ಪದದ ತೂಕವೂ ಗೊತ್ತಿರಬೇಕು. ‘ರೈಸ್’ ಬರೀ ಏರಿಕೆ. ‘ಕ್ಲೈಂಬ್’ ಎಂದರೆ ಮೆಟ್ಟಿಲು ಮೆಟ್ಟಿಲಾಗಿ, ಕೆಲಕಾಲ ಬಿಡದೆ ಏರುತ್ತಾ ಹೋದದ್ದು. ಹತ್ತುವ ಪ್ರಯಾಸದ ನೆರಳು ಅಂಕಿಯ ಮೇಲೂ ಬಿದ್ದಿದೆ. ‘ಎಡ್ಜ್ ಅಪ್’ ತುಸು ಏರಿಕೆ, ‘ಜಂಪ್’ ಒಮ್ಮೆಲೇ ಜಿಗಿತ, ‘ಸೋರ್’ ಗಗನಕ್ಕೇರಿದ್ದು. ನಿಧಾನವಾಗಿ ಏರಿದ ಟೊಮೆಟೊ ದರಕ್ಕೆ ‘ಗಗನಕ್ಕೆ’ ಎಂಬ ತಲೆಬರಹ ಕೊಟ್ಟರೆ ಅದು ಅನುವಾದದ ತಪ್ಪೇ. ಸೂರ್ಯನ ವಿಷಯದಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ಸೂರ್ಯ ‘ರೋಸ್’ ಎಂದರೆ ಮೂಡಿದ, ‘ಕ್ಲೈಂಬ್ಡ್’ ಎಂದರೆ ಹೊತ್ತು ಏರಿತು.

‘ಕ್ಲೈಂಬ್‌ಡೌನ್’ ಎಂಬ ನಾಮಪದ ರಾಜಕೀಯ ಸುದ್ದಿಯಲ್ಲಿ ಬಂದರೆ ಪಟ್ಟು ಸಡಿಲಿಸುವುದು, ಹೇಳಿದ ಮಾತಿನಿಂದ ಹಿಂದೆ ಸರಿಯುವುದು. ‘ಸೋಶಿಯಲ್ ಕ್ಲೈಂಬರ್’ ಹೊಗಳಿಕೆಯಲ್ಲ. ದೊಡ್ಡವರ ಒಡನಾಟ ಹಿಡಿದು ಮೇಲೆ ಹೋಗಲು ನೋಡುವವರನ್ನು ಹೀಗಳೆಯುವ ಪದ. ‘ಕ್ಲೈಂಬಿಂಗ್ ದ ವಾಲ್ಸ್’ ಎಂದರೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಗೋಡೆ ಹತ್ತುವುದಲ್ಲ.

ಉತ್ತರ 5: ಕಾಳುಮೆಣಸು

ಬಳ್ಳಿಯ ವಿಷಯ ಯಾರೂ ಮುಟ್ಟಿಲ್ಲ. ಶಾಲೆಯ ವಿಜ್ಞಾನದಲ್ಲಿ ‘ಕ್ಲೈಂಬರ್’, ‘ಕ್ರೀಪರ್’ ಎಂದು ಎರಡು ಇವೆ. ಕನ್ನಡದಲ್ಲಿ ಎರಡಕ್ಕೂ ‘ಬಳ್ಳಿ’ ಎಂದು ಬಿಟ್ಟರೆ ಮಗುವಿಗೆ ಪ್ರಶ್ನೆಯೇ ಅರ್ಥವಾಗದು. ಆಸರೆ ಹಿಡಿದು ಮೇಲೆ ಹೋಗುವುದು ‘ಕ್ಲೈಂಬರ್’, ಅದಕ್ಕೆ ‘ಅಡರುಬಳ್ಳಿ’ ಅಥವಾ ‘ಹತ್ತುಬಳ್ಳಿ’. ನೆಲದ ಮೇಲೆ ಹರಿಯುವ ಗೆಣಸು, ಕಲ್ಲಂಗಡಿ, ಕುಂಬಳ ‘ಕ್ರೀಪರ್’, ಅದಕ್ಕೆ ‘ಹರಿಬಳ್ಳಿ’ ಅಥವಾ ‘ತೆವಳುಬಳ್ಳಿ’. ‘ಅಡರು’ ಹತ್ತುವುದಕ್ಕೆ ಇರುವ ಹಳೆಯ, ಚೆಂದದ ಕ್ರಿಯಾಪದ. ಪದಕೋಶದಲ್ಲಿ ಅದಕ್ಕೆ ಜಾಗ ಸಿಗಲಿ.

ಹಿಡಿತದ ಮಾತು ಗಿಡಗಳಿಗೂ ಹೊಂದುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲೇ ಹತ್ತುವ ಗಿಡಗಳನ್ನು ಹಿಡಿಯುವ ಬಗೆ ನೋಡಿ ವಿಂಗಡಿಸಿದ್ದರು. ಕಾಂಡವನ್ನೇ ಸುತ್ತಿಕೊಂಡು ಹೋಗುವವು ಇವೆ, ಚಪ್ಪರದವರೆ ಹಾಗೆ. ಕುಡಿ ಚಾಚಿ ಹಿಡಿಯುವವು ಇವೆ: ಹಾಗಲ, ಹೀರೆ, ಪಡವಲ, ಬಟಾಣಿ. ಕೊಕ್ಕೆಮುಳ್ಳು ಸಿಕ್ಕಿಸಿಕೊಂಡು ಏರುವುದು ಬೆತ್ತ. ಬೇರು ಅಂಟಿಸಿ ಏರುವವು ವೀಳ್ಯದೆಲೆ ಮತ್ತು ಕಾಳುಮೆಣಸು.

ಕಾಳುಮೆಣಸನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಒಂದೇ ಗಿಡದಲ್ಲಿ ಎರಡು ಪದಗಳೂ ಇವೆ. ಬುಡದಿಂದ ನೆಲದ ಮೇಲೆ ಹರಿಯುವ ಹಂಬು ‘ಕ್ರೀಪರ್’ ಸ್ವಭಾವದ್ದು. ನಾಟಿಗೆ ಎರಡು–ಮೂರು ಗೆಣ್ಣಿನ ತುಂಡು ಮಾಡುವುದು ಇದರಿಂದಲೇ. ಆಸರೆ ಮರ ಸಿಕ್ಕಿ ನೆಟ್ಟಗೆ ಏರುವ ಕಾಂಡ ‘ಕ್ಲೈಂಬರ್’, ಪ್ರತಿ ಗೆಣ್ಣಿನಲ್ಲೂ ಸಣ್ಣ ಬೇರುಗಳ ಗೊಂಚಲು ಹೊರಟು ತೊಗಟೆಗೆ ಕಚ್ಚಿಕೊಳ್ಳುತ್ತದೆ. ಅದರಿಂದ ಅಡ್ಡಕ್ಕೆ ಚಾಚುವ ರೆಂಬೆಗಳಿಗೆ ಅಂಟುವ ಬೇರಿಲ್ಲ, ಆದರೆ ಕರೆ (ಕಾಳು ಕಟ್ಟುವ ತೆನೆ) ಬಿಡುವುದು ಅಲ್ಲೇ. ಎಳೆ ಬಳ್ಳಿಯನ್ನು ಮರಕ್ಕೆ ಹತ್ತಿಸುವಾಗ ಗೆಣ್ಣಿನ ಹತ್ತಿರವೇ ಕಟ್ಟಬೇಕು ಎನ್ನುವುದು ಇದಕ್ಕೇ. ಗೆಣ್ಣಿನ ನಡುವೆ ಕಟ್ಟಿದರೆ ಬೇರು ಹೊರಡುವ ಜಾಗ ತೊಗಟೆಯಿಂದ ದೂರ ನಿಂತು ಗಾಳಿಗೆ ಒಣಗುತ್ತದೆ, ಮುಂದಿನ ಮಳೆಗೆ ಬಳ್ಳಿ ಕಳಚಿ ಜೋತುಬೀಳುತ್ತದೆ. ನೀಲಗಿರಿಯಂತೆ ತೊಗಟೆ ಸುಲಿದು ಉದುರುವ ಮರ ಆಸರೆಗೆ ಆಗುವುದಿಲ್ಲ. ಬೇರು ಕಚ್ಚಿದ ತೊಗಟೆಯೇ ಬಿದ್ದುಹೋಗುತ್ತದೆ. ಒರಟು ತೊಗಟೆಯ ಹಾಲುವಾಣ ಒಳ್ಳೆಯದು.

ರೈತರು ಇದಕ್ಕೆಲ್ಲ ‘ಬಳ್ಳಿ ಹತ್ತಿಸುವುದು’, ‘ಬಳ್ಳಿ ಹಬ್ಬಿಸುವುದು’ ಎನ್ನುತ್ತಾರೆ. ‘ಹಬ್ಬು’ ಎಂದರೆ ಹರಡುವುದೂ ಸೇರುತ್ತದೆ, ಹಾಗಾಗಿ ‘ಕ್ಲೈಂಬ್’ ಎಂಬುದಕ್ಕೆ ‘ಹತ್ತು’ ಇಲ್ಲಿ ಹೆಚ್ಚು ನಿಖರ. ‘ಕ್ಲೈಂಬಿಂಗ್ ರೋಸ್’ ಎಂಬ ಹೆಸರು ಮಾತ್ರ ನಂಬಬೇಡಿ. ಗುಲಾಬಿಗೆ ತಾನಾಗಿ ಸುತ್ತುವ ಕಾಂಡವೂ ಇಲ್ಲ, ಕುಡಿಯೂ ಇಲ್ಲ. ಕಮಾನಿಗೆ ಕಟ್ಟದಿದ್ದರೆ ಅದು ಬಾಗಿ ನೆಲ ಸೇರುತ್ತದೆ.

ಪದಕೋಶದ ಕೆಲಸ

ಎಲ್ಲರಿಗೂ ಧನ್ಯವಾದ. ಇವನ್ನು ಇಟ್ಟುಕೊಂಡು ಕರಡು ಹೀಗಾಗಿದೆ:

ಕ್ಲೈಂಬ್ (ಉಚ್ಚಾರ: ಕ್ಲೈಮ್), ಕ್ರಿಯಾಪದ. ಕೈಕಾಲು ಊರಿ ಹತ್ತು, ಅಡರು: ಮರ, ಏಣಿ, ಬೆಟ್ಟ. ಪ್ರಯಾಸದಿಂದ ತೂರು, ನುಸುಳು, ಹಾಯು: ಕಿಟಕಿ, ಬೇಲಿ, ಹೊದಿಕೆ. ಮೇಲೇರು: ವಿಮಾನ, ಸೂರ್ಯ. ಒಂದೇ ಸಮನೆ ಏರು: ಬೆಲೆ, ಜ್ವರ, ಸಂಖ್ಯೆ. ಆಸರೆ ಹಿಡಿದು ಹತ್ತು: ಬಳ್ಳಿ. ‘ಕ್ಲೈಂಬ್ ಡೌನ್’: ಹಿಡಿದುಕೊಂಡು ಇಳಿ, ಪಟ್ಟು ಸಡಿಲಿಸು. ಗಮನಿಸಿ: ಬಸ್ಸು, ರೈಲು ಹತ್ತುವುದಕ್ಕೆ ‘ಗೆಟ್ ಆನ್’; ಸಿಂಹಾಸನಕ್ಕೆ ‘ಅಸೆಂಡ್’; ಕುದುರೆಗೆ ‘ಕ್ಲೈಂಬ್’ ತಪ್ಪು.

ಅರ್ಥದ ಬೆನ್ನು ಹತ್ತಿ

ಕೊನೆಯದನ್ನು ತಿದ್ದಿ. ಕುದುರೆಗೆ ‘ಮೌಂಟ್’ ಮಾತ್ರ ಸರಿ ಎಂದಲ್ಲ. ಚಿಕ್ಕ ಮಗು ಜೀನು ಹಿಡಿದು, ಹೊಟ್ಟೆಯ ಮೇಲೆ ಜಾರಿಕೊಂಡು ಕುದುರೆ ಹತ್ತಿದರೆ ‘ಕ್ಲೈಂಬ್ಡ್ ಆನ್‌ಟು ದ ಹಾರ್ಸ್’ ಎಂಬುದೇ ಹೆಚ್ಚು ಸರಿ. ತಪ್ಪಾಗುವುದು ‘ಆನ್‌ಟು’ ಬಿಟ್ಟಾಗ. ‘ತಪ್ಪು’ ಎಂಬ ಪದ ತೆಗೆದು ‘ಸವಾರ ಏರುವುದಕ್ಕೆ ಸಾಮಾನ್ಯವಾಗಿ ಮೌಂಟ್’ ಎಂದು ಬರೆಯಿರಿ.